ಹಿಂದಿನ ಗೇಟಿನ ಬೀಗ

ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿಯವರ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಸದಾ ಒಂದು ಕಪ್ಪು ಕಲೆ ಇರುತ್ತಿತ್ತು. ಅದು ಶಾಯಿಯ ಕಲೆಯಲ್ಲ, ಎಣ್ಣೆಯೂ ತುಕ್ಕೂ ಬೆರೆತ ಕಲೆ. ಪ್ರತಿದಿನ ಪ್ರಾರ್ಥನೆಗೆ ಮುಂಚೆ ಅವರು ಶಾಲೆಯ ಹಿಂದಿನ ಗೇಟಿನ ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಟ್ಟು, ತಾವೇ ಕೀಲಿ ತಿರುವಿ, ನಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತಿದ್ದರು. ಬೀಗ ತೆರೆಯಲು ತಡವಾದ ದಿನ ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. ಅದರ ಕಾರಣ ನನಗೆ ಆಗ ತಿಳಿದಿರಲಿಲ್ಲ.

ಅವರನ್ನು ನಾವೆಲ್ಲ ದೊಡ್ಡಕ್ಕೋರು ಎಂದು ಕರೆಯುತ್ತಿದ್ದೆವು. ಅರ್ಜಿಗಳ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ನಾನು ಅವರ ಕುರಿತು ಓದುಗರಲ್ಲಿ ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಹೊಸಪೇಟೆಯ ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗೆ ಎರಡು ಗೇಟುಗಳಿದ್ದವು. ಮುಂದಿನದು ಅಂಗಡಿಕಾರರ ಬೀದಿಗೆ, ಹಿಂದಿನದು ಕಾಲುವೆ ದಂಡೆಯ ನಮ್ಮ ಓಣಿಗೆ ತೆರೆಯುತ್ತಿತ್ತು. ಓಣಿಯ ಗಂಡಸರು ಹಮಾಲಿಗೆ, ಹೆಂಗಸರು ಮನೆಗೆಲಸಕ್ಕೆ ಹೋಗುವವರು. ಹಿಂದಿನ ಗೇಟು ಮುಚ್ಚಿದರೆ ನಮ್ಮ ಮಕ್ಕಳು ಸಂಡೂರಿನ ಅದಿರು ಲಾರಿಗಳು ಓಡುವ ಬೈಪಾಸ್ ರಸ್ತೆಯ ಅಂಚಿನಲ್ಲಿ ಸುತ್ತಿ ಮುಂದಿನ ಗೇಟಿಗೆ ಬರಬೇಕಾಗಿತ್ತು.

ಎರಡು ಗೇಟುಗಳ ಮಕ್ಕಳು ಎರಡು ಸಾಲಾಗಿ ದೂರ ದೂರ ಕೂರುವುದು ಮೊದಲಿನಿಂದಲೂ ನಡೆದುಬಂದಿತ್ತು. ಹಾಗೆ ಕೂರಿರೆಂದು ಯಾರೂ ಹೇಳಿದವರಿಲ್ಲ. ದೊಡ್ಡಕ್ಕೋರು ಅದನ್ನು ಜೋಡಿ ಹಾಜರಿಯಿಂದ ಮುರಿದರು. ಮುಂದಿನ ಗೇಟಿನ ಒಂದು ಮಗುವಿಗೆ ಹಿಂದಿನ ಗೇಟಿನ ಒಂದು ಮಗು ಜೋಡಿ. ಇಬ್ಬರ ಹೆಸರನ್ನೂ ಒಟ್ಟಿಗೆ ಕೂಗುವರು, ಇಬ್ಬರೂ ಒಟ್ಟಿಗೆ ಎದ್ದು ನಿಲ್ಲಬೇಕು. ಒಬ್ಬರೇ ಎದ್ದರೆ ಕನ್ನಡಕ ಮೇಲೇರಿಸಿ ಕೇಳುವರು:

“ಅರ್ಧಾ ಬಂದೈತಿ. ಇನ್ನರ್ಧಾ ಎಲ್ಲಿ?”

ಉತ್ತರ ಗೊತ್ತಿಲ್ಲದವರು ಸಂಜೆ ಜೋಡಿಯ ಮನೆಗೆ ಹೋಗಿ ತಿಳಿದುಕೊಂಡು ಬರಬೇಕು.

ನನ್ನ ಜೋಡಿ ಅಕ್ಕಿ ಅಂಗಡಿ ಸಾಹುಕಾರರ ಮಗಳು. ನಾನು ಜ್ವರದಿಂದ ಮಲಗಿದ್ದಾಗ ಆಕೆ ದೊಡ್ಡಕ್ಕೋರ ಸಂಗಡ ನಮ್ಮ ಮನೆಗೆ ಬಂದಳು. ನಮ್ಮವ್ವ ಚಾಪೆ ಹಾಸಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ನನ್ನ ಜೋಡಿ ತಿಂದು ಮುಗಿಸಿ, “ಇನ್ನೊಂದು ಕೊಡ್ರಿ” ಎಂದು ಕೈಚಾಚಿದಳು.

“ಹಾಜರಿ ಕೇಳಾಕ ಬಂದಾಕಿ ಊಟಕ್ಕ ಹಾಜರಾದ್ಯಲ್ಲವ್ವ!” ಎಂದು ದೊಡ್ಡಕ್ಕೋರು ನಕ್ಕರು. ಅವರು ಹಾಗೆ ಮನಸಾರೆ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ನಾನು ಗುಣವಾಗಿ ಹೋದ ದಿನವೇ ಸಾಹುಕಾರರು ತರಗತಿಯ ಬಾಗಿಲಲ್ಲಿ ನಿಂತಿದ್ದರು. ಶಾಲೆಯ ಕಾಂಪೌಂಡನ್ನೂ ಗೇಟುಗಳನ್ನೂ ಕಟ್ಟಿಸಿಕೊಟ್ಟ ದಾನಿಗಳು ಅವರೇ ಆದ್ದರಿಂದ ಅವರ ಮಾತಿಗೆ ಎದುರಾಡುವವರು ಇರಲಿಲ್ಲ.

“ಅಕ್ಕೋರ, ಪಾಠ ಕಲಸ್ರಿ, ಸಾಕು. ನನ್ನ ಮಗಳಿಗೆ ಓಣಿ ತೋರಸಬ್ಯಾಡ್ರಿ.”

“ನಿಮ್ಮ ಅಂಗಡಿ ಅಕ್ಕಿ ದಿನಾ ಆ ಓಣಿಗೆ ಹೋಗತೈತಲ್ರಿ ಸಾವ್ಕಾರ್ರ. ಮಗಳು ಒಂದ್ಸಲ ಹೋದ್ರ ಏನಾತು?”

ಸಾಹುಕಾರರು ಕೋಪ ಮಾಡಿಕೊಳ್ಳಲಿಲ್ಲ. ಬಹಳ ಮೆಲ್ಲಗೆ ಹೇಳಿದರು: “ಹೋದ ಅಕ್ಕಿ ವಾಪಸ್ ಬರಂಗಿಲ್ರಿ. ಮಗಳು ವಾಪಸ್ ನಮ್ಮ ಮನೀಗೇ ಬರ್ತಾಳ.”

ನಾನು ತಲೆ ತಗ್ಗಿಸಿ ನನ್ನ ಕೈಗಳನ್ನು ನೋಡಿಕೊಂಡೆ.

ಮರುವಾರ ನನ್ನ ಜೋಡಿ ಬರಲಿಲ್ಲ. ಮುಂದಿನ ಬೀದಿಗೆ ಖಾಸಗಿ ಶಾಲೆಯ ಹಳದಿ ವ್ಯಾನು ಬರತೊಡಗಿತು. ಒಂದೊಂದೇ ಜೋಡಿ ಮುರಿಯಿತು. ಆದಾಗ್ಯೂ ದೊಡ್ಡಕ್ಕೋರು ಎರಡೆರಡು ಹೆಸರುಗಳನ್ನೇ ಕೂಗಿ, ಮುಂದಿನ ಗೇಟಿನತ್ತ ನೋಡುತ್ತ ತುಸು ಹೊತ್ತು ಕಾಯುತ್ತಿದ್ದರು. ಕೊನೆಗೆ ತರಗತಿಯಲ್ಲಿ ಉಳಿದವರು ನಾವು ಓಣಿಯ ಮಕ್ಕಳು ಮಾತ್ರ.

ಆಗ ಒಂದು ಬೆಳಿಗ್ಗೆ ಹಿಂದಿನ ಗೇಟಿನಲ್ಲಿ ಅವರ ಬೀಗದ ಮೇಲೆ ಮತ್ತೊಂದು ದೊಡ್ಡ ಬೀಗ ನೇತಾಡುತ್ತಿತ್ತು. ಓಣಿಯ ಜನ ಶಾಲೆಯ ಅಂಗಳ ಹಾದು ಅಂಗಡಿ ಬೀದಿಗೆ ಬರುತ್ತಾರೆಂದೂ, ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಸದರಿ ಗೇಟನ್ನು ಮುಚ್ಚಲಾಗಿದೆಯೆಂದೂ ಸಾಹುಕಾರರು ಹೇಳಿ ಕಳುಹಿಸಿದರು. ದೊಡ್ಡಕ್ಕೋರು ಮೇಲಿನವರಿಗೆ ಬರೆದರು, ಹೋಗಿ ಕಂಡರು. ಪರಿಶೀಲಿಸಲಾಗುವುದು ಎಂಬ ಉತ್ತರಕ್ಕಿಂತ ಹೆಚ್ಚಿನದೇನೂ ದೊರೆಯಲಿಲ್ಲ.

ಅಂದಿನಿಂದ ನಿವೃತ್ತಿಯಾಗುವವರೆಗೂ ಅವರು ಓಣಿಗೇ ಬಂದು, ನಮ್ಮನ್ನು ಸಾಲುಗಟ್ಟಿಸಿ ಬೈಪಾಸಿನಲ್ಲಿ ನಡೆಸಿಕೊಂಡು ಹೋದರು.

“ಲಾರಿ ಕಡೆ ನಾ ಇರ್ತೀನಿ. ನೀವು ಗ್ವಾಡಿ ಹಿಡದ್ ನಡೀರಿ.”

ಗೋಡೆಯ ಒಳಗೆ ಶಾಲೆಯ ಗಂಟೆ ಮೊಳಗುತ್ತಿತ್ತು. ನಾವು ಹೊರಗೆ ನಡೆಯುತ್ತಲೇ ಇರುತ್ತಿದ್ದೆವು. ಲಾರಿ ಹಾದಾಗ ಅವರ ಸೆರಗು ಅದರ ಗಾಳಿಯ ಸೆಳೆತಕ್ಕೆ ಹಾರುತ್ತಿತ್ತು. ಸೀರೆಯ ಅಂಚು ಕೆಂಪು ಧೂಳಿನಿಂದ ಬಣ್ಣ ಕಳೆದುಕೊಂಡಿತ್ತು. ಅವರು ಒಮ್ಮೆಯೂ ಹಿಂದಿರುಗಿ ಲಾರಿಯನ್ನು ನೋಡಿದವರಲ್ಲ. ನೋಡುತ್ತಿದ್ದುದು ನಮ್ಮನ್ನೇ.

ಕಳೆದ ಬೇಸಿಗೆಯಲ್ಲಿ ದೊಡ್ಡಕ್ಕೋರು ತೀರಿಕೊಂಡರು. ದರ್ಶನಕ್ಕೆ ಹೋದಾಗ ನಾನು ಮೊದಲು ನೋಡಿದ್ದು ಅವರ ಹೆಬ್ಬೆರಳನ್ನು. ಅದು ಸ್ವಚ್ಛವಾಗಿತ್ತು. ಇನ್ನು ಬೀಗಕ್ಕೆ ಎಣ್ಣೆ ಬಿಡುವವರಿಲ್ಲವೆಂದು ನನಗೆ ಭಯವಾಯಿತು.

ಪಕ್ಕದಲ್ಲಿ ಬಂದು ನಿಂತ ಹೆಂಗಸು, “ಗುರ್ತು ಸಿಕ್ತೇನ?” ಎಂದಳು. ನನ್ನ ಜೋಡಿ.

“ಅರ್ಧಾ ಸಿಕ್ತು,” ಎಂದೆ. ಆಕೆ ನಗಲು ಹೋಗಿ ಅತ್ತಳು.

“ನಿನ್ನ ಮಗಳು ಯಾವ ಸಾಲಿಗೆ ಹೋಗ್ತಾಳ?” ಎಂದು ನನ್ನ ಕೈಹಿಡಿದಿದ್ದ ಮಗಳನ್ನು ನೋಡಿ ಕೇಳಿದಳು.

“ಅದ ಸಾಲಿಗೆ. ಬೈಪಾಸ್ ಸುತ್ತಿ ಹೋಗ್ತಾಳ. ಬೀಗ ಇನ್ನೂ ಹಂಗ ಐತಿ.”

ಆಕೆ ಕಣ್ಣೊರೆಸಿಕೊಂಡಳು. “ಕೀಲಿ ನಮ್ಮಪ್ಪನ ಗಲ್ಲಾದಾಗ ಐತಿ,” ಎಂದಳು. “ನಾ ಕೇಳ್ತೀನಿ. ಭಾಳ ಅಂಜಿಕಿ ಬರತೈತಿ, ಆದ್ರೂ ಕೇಳ್ತೀನಿ.”

ಈ ಬರಹ ಬರೆಯುವ ದಿನದವರೆಗೂ ಆಕೆ ಬಂದಿಲ್ಲ. ಲಾರಿಗಳು ಮೊದಲಿಗಿಂತ ದೊಡ್ಡವಾಗಿವೆ, ರಸ್ತೆಯ ಅಂಚು ಕಿರಿದಾಗಿದೆ. ಪ್ರತಿ ಬೆಳಿಗ್ಗೆ ಮಗಳ ಕೈಹಿಡಿದು ಹಿಂದಿನ ಗೇಟಿನವರೆಗೆ ಹೋಗಿ, ಆ ದೊಡ್ಡ ಬೀಗದೊಳಗೆ ಕೊಬ್ಬರಿ ಎಣ್ಣೆ ಬಿಡುತ್ತೇನೆ. ಕೀಲಿ ಬಂದ ದಿನ ಬೀಗ ತಿರುಗದೆ ಹೋಗಬಾರದು.

“ತೆಗಿಯಾಕ ಬರಲಾರದ ಬೀಗಕ್ಕ ಎಣ್ಣಿ ಯಾಕವ್ವಾ?” ಎನ್ನುತ್ತಾಳೆ ಮಗಳು.

“ಇನ್ನರ್ಧಾ ಬರೋದೈತಿ,” ಎನ್ನುತ್ತೇನೆ.

ಬಳಿಕ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು, ಮಗಳನ್ನು ಗೋಡೆಯ ಕಡೆಗೆ ಸರಿಸಿ, ಲಾರಿಗಳ ಕಡೆ ನಾನು ನಡೆಯುತ್ತೇನೆ.