ಕುಣಿಯಲ್ಲಿ ಇಬ್ಬರು

ಡಿ.ಎಡ್. ಕಾಲೇಜಿನ ಭುವನೇಶ್ವರಿ ಮೇಡಂಗೆ ಸಿಟ್ಟು ಮೂಗಿನ ತುದಿಯಲ್ಲೇ. ಇಪ್ಪತ್ತು ವರ್ಷಗಳಿಂದ ಅದಕ್ಕೆ ಕಾರಣವೂ ಒಂದೇ. ನಾಳೆ ಶಿಕ್ಷಕರಾಗುವ ಹುಡುಗ ಹುಡುಗಿಯರು ಗೈಡು ನೋಡಿ ಲೆಕ್ಕ ಬರೆಯುತ್ತಾರೆ: ಕಂಡೇ ಇರದ ಈಜುಕೊಳ, ಹತ್ತಿಯೇ ಇರದ ವಿಮಾನ! "ಹರ್ತಿ ಹಳ್ಳಿಗೆ ಹೋಗ್ರಿ, ಹೊಲದಾಗ ನಿಂದರ್ರಿ, ಕಣ್ಣಿಲೆ ಕಂಡದ್ದನ್ನ ಲೆಕ್ಕಾ ಮಾಡ್ರಿ," ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ನೇಕಾರರ ಮನೆಯಲ್ಲಿ ಹುಟ್ಟಿದ ಅವರಿಗೆ ಶಾಲೆ ಕಲಿಸಿದ ಮೊದಲ ಪಾಠವೆಂದರೆ, ಮನೆಯಲ್ಲಿ ಗೊತ್ತಿರುವುದೆಲ್ಲ ಶಾಲೆಯಲ್ಲಿ ತಪ್ಪು ಎಂಬುದು. ಇನ್ನೊಂದು ಮಗು ಅದನ್ನು ಕಲಿಯಬಾರದೆಂದೇ ಅವರು ಈ ಕೆಲಸಕ್ಕೆ ಬಂದದ್ದು.

ಆವತ್ತು ಬೆಟಗೇರಿಯ ಒಂದು ಶಾಲೆಯಲ್ಲಿ, ಐದನೇ ತರಗತಿಗೆ ಅಭ್ಯಾಸ ಪಾಠ. ಪಾಠ ಮಾಡುತ್ತಿದ್ದ ಡಿ.ಎಡ್. ವಿದ್ಯಾರ್ಥಿನಿ ವಿದ್ಯಾಶ್ರೀಯೂ ನೇಕಾರರ ಮಗಳೇ. ಮೇಡಂ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಹಲಗೆಯ ಮೇಲೆ ಲೆಕ್ಕ ಬಿತ್ತು: ‘ಕುಣಿಮಗ್ಗದಲ್ಲಿ ಒಬ್ಬ ನೇಕಾರ ಒಂದು ಸೀರೆಯನ್ನು ನಾಲ್ಕು ದಿನದಲ್ಲಿ ನೇಯುತ್ತಾನೆ. ಅದೇ ಮಗ್ಗದಲ್ಲಿ ಇಬ್ಬರು ಕೂಡಿ ಎಷ್ಟು ದಿನದಲ್ಲಿ ನೇಯುತ್ತಾರೆ?’

ನಿಶಾತ ಎಂಬ ಹುಡುಗಿ ಎಲ್ಲರಿಗಿಂತ ಮೊದಲು ಎದ್ದಳು. ಅವಳ ತಾಯಿ ನೇಕಾರರ ಮನೆಯಲ್ಲಿ ನೂಲಿನ ಕಂಡಿಕೆ ಸುತ್ತುವವಳು. ನೆಲ ಅಗೆದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗವನ್ನು ಅವಳು ದಿನಾ ಕಂಡವಳು.

"ನಾಕ ದಿನಾನ ರೀ ಟೀಚರ್. ಕುಣ್ಯಾಗ ಒಬ್ರ ಕುಂಡ್ರತಾರ."

"ತಪ್ಪು. ಎರಡು ದಿನ," ಎಂದ ವಿದ್ಯಾಶ್ರೀ ಅವಳ ನೋಟಬುಕ್ಕಿನಲ್ಲಿ ಕೆಂಪು ಗೀಟು ಎಳೆದಳು.

ಮೇಡಂಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಮಕ್ಕಳೆದುರು ಬೈಯುವಂತಿಲ್ಲ, ವಿದ್ಯಾಶ್ರೀಯನ್ನು ಬಾಗಿಲಾಚೆ ಕರೆದರು.

"ನಿಮ್ಮಪ್ಪನ ಜೋಡಿ ಕುಣ್ಯಾಗ ಮತ್ಯಾರು ಕುಂಡ್ರತಾರ?"

"ಯಾರೂ ಇಲ್ರಿ."

"ಮತ್ತ?"

"ಅದು ಮನೀದ್ರಿ ಮೇಡಂ. ಇದು ಗಣಿತ."

"ಮಗ್ಗದ ಮನ್ಯಾಗ ಹುಟ್ಟಿ ಇಂಥಾ ಲೆಕ್ಕಾ ಬರೀತಿಯಲ್ಲ, ನಾಚಿಕಿ ಬರೂದಿಲ್ಲ?"

ವಿದ್ಯಾಶ್ರೀಯ ಕಣ್ಣು ತುಂಬಿತು. ಪಾಠಯೋಜನೆಯ ಪುಸ್ತಕವನ್ನು ಮುಂದೆ ಹಿಡಿದಳು. ಲೆಕ್ಕದ ಕೆಳಗೆ ಹಸಿರು ಶಾಯಿಯ ಸಹಿ, ಭುವನೇಶ್ವರಿಯವರದೇ. ನಲವತ್ತು ಪುಸ್ತಕ ನೋಡುವ ಗಡಿಬಿಡಿಯಲ್ಲಿ ಮಗ್ಗ ಎಂಬ ಮಾತು ಕಂಡದ್ದೇ ಹಿಗ್ಗಿ, ಪಕ್ಕದಲ್ಲಿ ‘ಭೇಷ್’ ಎಂದೂ ಬರೆದಿದ್ದರು. ದೀಪದ ಬುಡದಲ್ಲೇ ಕತ್ತಲೆ. ಬೆಂಕಿ ಬೀಳಲಿ ಈ ಸಹಿಗೆ ಎಂದುಕೊಂಡರು. ಬೈಯಲು ಈಗ ತಮ್ಮನ್ನು ಬಿಟ್ಟು ಯಾರೂ ಉಳಿದಿರಲಿಲ್ಲ.

ಒಳಗೆ ಬಂದು ನಿಶಾತಳ ಪಕ್ಕದಲ್ಲಿ ನೆಲಕ್ಕೇ ಕೂತರು.

"ನಿಂದ ಖರೆ ಐತವ್ವಾ. ತಪ್ಪು ನಮ್ದು."

ಹುಡುಗಿ ನೋಟಬುಕ್ಕು ತೋರಿಸಿದಳು. ನಾಲ್ಕನ್ನು ತಿಕ್ಕಿ ತಿಕ್ಕಿ ಅಳಿಸಿ ಕಾಗದ ತೂತು ಬಿದ್ದಿತ್ತು. ಪಕ್ಕದಲ್ಲಿ ದುಂಡಗೆ ಎರಡು ಬರೆದಿದ್ದಳು.

"ಇರ್ಲಿ ಬಿಡ್ರಿ ಮೇಡಂ, ತಿದ್ದೀನಿ. ಇನ್ಮ್ಯಾಗ ಮನೀದು ಹೇಳಂಗಿಲ್ರಿ."