ಕುರಿಗೆ ಗಾದಿ ಹಾಸಿದ್ದು

ಮುಂಜಾನೆಯಿಂದ ಮನೆಯೆಲ್ಲ ಬಾರಿಹಣ್ಣಿನ, ಅದೇ ಬೋರೆಹಣ್ಣಿನ, ವಾಸನೆ. ಯರಗಟ್ಟಿ ಬಸ್ಸಿಗೆ ನಮ್ಮ ಕಾಕಿ ಒಂದು ಚೀಲ ಕಳಿಸಿದ್ದಾಳೆ. ಅರ್ಧ ಹಣ್ಣು, ಅರ್ಧ ಹುಳ. ಹಾಗಂತ ನಾನೇನೂ ತಿನ್ನುವುದು ಬಿಟ್ಟಿಲ್ಲ. ಹೆಂಡತಿ ಮೂಗು ಮುಚ್ಚಿಕೊಂಡು, "ಹಿತ್ತಲಾಗ ಕುಂತ ತಿನ್ರಿ" ಅಂದಳು. ಕುರ್ಚಿ ಎಳೆದುಕೊಂಡು ಇಲ್ಲಿ ಬಂದು ಕೂತಿದ್ದೇನೆ. ನೀವೂ ಬರ್ರಿ, ಈ ಹಣ್ಣು ಎಲ್ಲಿಯದೆಂದು ಹೇಳುತ್ತೇನೆ.

ಮೊದಲು ಕಾಕಾನ ಸುದ್ದಿ ಹೇಳಬೇಕು. ಬಿಸಿಲು ಹತ್ತಿರ ಬಂದರೆ ಅವನೇ ಎದ್ದು ದಾರಿ ಬಿಡುತ್ತಿದ್ದ. ಮುಂಜಾನೆ ಪಡುವಣ ಗೋಡೆಗಿದ್ದ ಅವನ ಹೊರಸು, ಆ ಹಗ್ಗದ ಮಂಚ, ಸಂಜೆಗೆ ಮೂಡಣ ಗೋಡೆಗೆ ಬಂದಿರುತ್ತಿತ್ತು. ಓಣಿಯವರು ಹೊರಸು ನೋಡಿ ಹೊತ್ತು ಹೇಳುತ್ತಿದ್ದರು. ಅಂಥ ಮನುಷ್ಯ ಹೊಲದ ಮರಡಿಯನ್ನು ರಸ್ತೆಗೆ ಹಾಸುವ ಗರಸುಮಣ್ಣಿಗೆಂದು ಬಿಟ್ಟುಕೊಟ್ಟ. ಯಂತ್ರ ಬಂದು ಗುಡ್ಡ ಕೆರೆದು, ಗರಸಿನ ಜೊತೆ ಬೇವಿನ ಗಿಡಗಳನ್ನೂ ಬಳಿದುಕೊಂಡು ಹೋಯಿತು. ರಸ್ತೆ ಚೆಂದಾಯಿತು, ನಮ್ಮ ಪಾಲಿಗೆ ಕೆಂಪು ಬೋಳು ಗುಂಡಿ.

ಮುಂದೆ ಕಾಕಾ ತೀರಿಕೊಂಡ. ನಮ್ಮ ಹಿರಿಯರ ಗದ್ದಿಗೆಗಳಿರುವುದು ಆ ಗುಂಡಿಯ ದಂಡೆಗೇ. ಅವನನ್ನೂ ನಮ್ಮ ಪದ್ಧತಿಯಂತೆ ಅಲ್ಲೇ ಕೂರಿಸಿ ಮಣ್ಣು ಕೊಟ್ಟೆವು. ಮನೆಗೆ ಬಂದು ಕಾಲು ತೊಳೆದಾಗ ಕಾಕಿ ಆಡಿದ ಮೊದಲ ಮಾತು: "ಜಲ್ಮ ಪೂರಾ ನೆರಳ ಹುಡುಕಿದ ಮನಶ್ಯಾನ ಬಿಸಲಾಗ ಕುಂದರಿಸಿ ಬಂದ್ರೆಲ್ಲೋ."

ಅಲ್ಲಿಂದ ಅವಳಿಗೆ ಒಂದೇ ಚಿಂತೆ. ಗದ್ದಿಗೆಯ ಮೇಲೆ ನೆರಳು ಬೀಳಬೇಕು.

ಮೊದಲ ಪ್ರಯತ್ನ ನನ್ನದು. ನರ್ಸರಿಯಿಂದ ಸಸಿ ತಂದು, ಹಾರೆ ಬಗ್ಗುವವರೆಗೆ ಆ ಗುಂಡಿಯಲ್ಲಿ ಕುಣಿ ತೋಡಿಸಿ, ಸಣ್ಣದೊಂದು ಭಾಷಣವನ್ನೂ ಮಾಡಿದೆ. ಕೇಳಲು ಇದ್ದದ್ದು ಕಾಕಿ ಮತ್ತು ಒಂದು ಆಡು. ಆಡು ಪೂರ್ತಿ ಕೇಳಿತು. ಯುಗಾದಿ ಹೊತ್ತಿಗೆ ಸಸಿಗಳೆಲ್ಲ ಒಣಗಿ ಕಡ್ಡಿ.

"ಇರಲಿ ತಮ್ಮಾ," ಅಂದಳು ಕಾಕಿ, "ಆಡ ಕಟ್ಟಾಕ ಗೂಟ ಆದ್ವು."

ಮರುವರ್ಷ ಸುಗ್ಗಿ ಮುಗಿದ ಮೇಲೆ ಅವಳೇ ಕೈಹಾಕಿದಳು. ನಮ್ಮ ಕಡೆ ಖಾಲಿ ಹೊಲದಲ್ಲಿ ಕುರಿ ತರಬಿಸುವುದುಂಟು. ಹಿಂಡು ರಾತ್ರಿ ಅಲ್ಲೇ ಮಲಗಿ ಗೊಬ್ಬರ ಬಿಟ್ಟು ಹೋಗುತ್ತದೆ. ಕಾಕಿ ಅದನ್ನು ಗುಂಡಿಯಲ್ಲಿ ಮಾಡಿಸಲು ಹೊರಟಳು. ಕುರಿಯವ ಬಗ್ಗಿ ನೋಡಿ, "ಯವ್ವಾ, ಈ ಕಲ್ಲಿನ ಮ್ಯಾಲ ನನ್ನ ಕುರಿ ಮಲಗೂದಿಲ್ಲ" ಅಂದ.

"ಹಾಸಿಗಿ ಹಾಸಿ ಕೊಟ್ರ?"

ಬಣವೆ ಕಿತ್ತು ಜೋಳದ ಕಣಿಕೆ, ಹೊಟ್ಟು ಎಲ್ಲ ಹೊತ್ತು ತಂದು ಗುಂಡಿಯ ತುಂಬ ಹರವಿದಳು. "ಗಂಡಗ ಹೊರಸು, ಕುರಿಗಿ ಗಾದಿ" ಎಂದು ಕಟ್ಟೆಯ ಮೇಲಿದ್ದವರು ನಕ್ಕರು. ಕುರಿಗಳು ಮಾತ್ರ ಮದುವೆಗೆ ಬಂದ ಬೀಗರ ಹಾಗೆ ಮಲಗಿ, ಉಂಡದ್ದನ್ನೆಲ್ಲ ಅಲ್ಲೇ ಇಟ್ಟು ಹೋದವು.

ಮಳೆ ಬಿದ್ದ ಮೇಲೆ ಆ ಗೊಬ್ಬರದಲ್ಲಿ ಬೇವು ಹಚ್ಚುವುದೆಂದು ಅವಳ ಲೆಕ್ಕ. ಆದರೆ ಹಿಂಡು ರಾಮದುರ್ಗದ ಹೊಳೆದಂಡೆಯುದ್ದಕ್ಕೂ ಜಾಲಿಕಾಯಿ, ಬಾರಿಹಣ್ಣು ಮೇಯ್ದು ಬಂದದ್ದು. ಮೆಲುಕು ಹಾಕುತ್ತ ಉಗುಳಿದ ಬೀಜ, ಹಿಕ್ಕೆಯಲ್ಲಿ ಉಳಿದ ಬೀಜ, ಎಲ್ಲ ಸೇರಿ ಎದ್ದವು ನೋಡ್ರಿ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಗುಂಡಿ ತುಂಬಿ ಮುಳ್ಳು ಗದ್ದಿಗೆಯ ತನಕ ಬಂತು. ಬೇವಿಗೆ ಕಾಲಿಡಲು ಜಾಗವಿಲ್ಲ.

ಕಾಕಾನ ತಿಥಿಯ ದಿನ ನಮ್ಮ ಅಣ್ಣ ಅದನ್ನು ನೋಡಿ ಗಾಬರಿಯಾದ. "ಹಿರೇರ ಗದ್ದಿಗಿ ಮ್ಯಾಲ ಮುಳ್ಳಕಂಟಿ ಇರಬಾರದು ಕಾಕಿ, ನಾಳೇನ ಕಡಸೂಣು." ನನ್ನ ಸಸಿ ಒಣಗಿದ ಸಿಟ್ಟು ಇನ್ನೂ ಇದ್ದ ನಾನೂ ತಲೆಯಾಡಿಸಿದೆ.

ಕಾಕಿ ಬುತ್ತಿ ಬಿಚ್ಚುತ್ತಲೇ ಹೇಳಿದಳು: "ಮುಳ್ಳ ಅವರಿಗೇನ ಚುಚ್ಚೂದಿಲ್ಲ, ನಿಮಗ ಚುಚ್ಚತಾವು. ದೂರ ನಿಂತ ಕೈ ಮುಗೀರಿ."

ಈಗಷ್ಟೇ ಕಾಕಿಗೆ ಫೋನು ಮಾಡಿ, ಗುಂಡಿಯ ಹಣ್ಣು ಮುಟ್ಟಿದವೆಂದೆ.

"ಹುಳಾ ನೋಡಿ ತಿನ್ನೋ."

"ನೆರಳ ಎಲ್ಲೀತನಾ ಬಂತು ಕಾಕಿ?"

"ಮಧ್ಯಾಹ್ನಕ್ಕ ಗದ್ದಿಗಿ ಅರ್ಧದತನಾ ಬರತೇತಿ. ಇನ್ನರ್ಧ ಬಿಸಲಾಗ. ಅವರಿದ್ದಿದ್ರ ಇಷ್ಟೊತ್ತಿಗೆ ಹೊರಸ ಸರಸ್ತಿದ್ರು."

ಫೋನಿಟ್ಟಾಗ ಬಿಸಿಲು ನನ್ನ ಮೊಣಕಾಲಿಗೆ ಏರಿತ್ತು. ಬೀಜ ಉಗುಳಿ, ಕುರ್ಚಿಯನ್ನು ಗೋಡೆಯ ನೆರಳಿಗೆ ಎಳೆದುಕೊಂಡೆ. ಅಡಿಗೆಮನೆಯ ಕಿಟಕಿಯಿಂದ ಹೆಂಡತಿ, "ಥೇಟ ನಿಮ್ಮ ಕಾಕಾನ ನೋಡ್ರಿ" ಅಂದಳು. ಮೊದಲಾಗಿದ್ದರೆ ಜಗಳಕ್ಕೆ ಏಳುತ್ತಿದ್ದೆ. ಈಗ ಇನ್ನಷ್ಟು ಸರಿದು ಕೂತೆ.