ಕಿವಿಮಾವ ಬಿಟ್ಟುಕೊಟ್ಟ ಹೆಸರು

ನನ್ನ ಸೋದರಮಾವನನ್ನು ಮನೆಯಲ್ಲಿ ಎಲ್ಲರೂ ಕಿವಿಮಾವ ಅಂತಲೇ ಕರೆಯುತ್ತಿದ್ದೆವು. ಅವನ ಕಿವಿಯೇನೂ ದೊಡ್ಡದಲ್ಲ. ಕಿವಿ ಕೇಳಿಸದವರು ಹಾಕಿಕೊಳ್ಳುವ ಮೆಷಿನ್ ರಿಪೇರಿ ಮಾಡುವುದು ಅವನ ಕಸುಬು. ಒಂದು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದ. ಬಂದವರು ಚೌಕಟ್ಟುಗಳ ಸಾಲು ದಾಟಿ ಒಳಗೆ ಹೋಗಬೇಕು. ಕನ್ನಡಕದಂಗಡಿಯವನು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ: ‘ಕಣ್ಣು ಮುಂದೆ, ಕಿವಿ ಹಿಂದೆ, ನೇರ ನಡೀರಿ.’ ಬಂದವರಲ್ಲಿ ಅರ್ಧ ಜನಕ್ಕೆ ಅದು ಕೇಳಿಸುತ್ತಿರಲಿಲ್ಲ.

ನಮ್ಮ ಅಜ್ಜಿಗೆ, ಅಂದರೆ ಮಾವನ ಅಮ್ಮನಿಗೆ, ನಡುವಯಸ್ಸಿಗೇ ಕಿವಿ ಹೋಗಿತ್ತು. ಜೇಬಿನಲ್ಲಿಟ್ಟುಕೊಳ್ಳುವ ಡಬ್ಬಿಯಂಥ ಮೆಷಿನ್ ಒಂದಿತ್ತು ಆಕೆಗೆ. ಮಾವನಿಗೆ ಹತ್ತೊಂಬತ್ತು ವರ್ಷವಿದ್ದಾಗ ಅದು ಕೆಟ್ಟುಕೂತಿತು. ಅವನು ಅಡುಗೆಮನೆ ಮೇಜಿನ ಮೇಲೆ ಅದನ್ನು ಬಿಚ್ಚಿ, ಕಿತ್ತುಹೋಗಿದ್ದ ಕೂದಲೆಳೆಯಂಥ ತಂತಿಯನ್ನು ಬೆಸುಗೆ ಹಾಕಿದ. ಆ ದಿನ ಅಜ್ಜಿ ನಲ್ಲಿ ತೊಟ್ಟಿಕ್ಕುವ ಸದ್ದಿಗೆ ತಿರುಗಿ ನೋಡಿದಳಂತೆ. ಅಲ್ಲಿಂದ ಶುರುವಾದದ್ದು. ಆಕೆಯ ಜೊತೆ ಮಾತಾಡಿ ಮಾತಾಡಿ ಅವನಿಗೊಂದು ಅಭ್ಯಾಸ ಅಂಟಿಕೊಂಡಿತ್ತು. ಎದುರಿಗೆ ಬಂದು ನಿಂತು, ಮುಖ ಬೆಳಕಿಗೆ ತಿರುಗಿಸಿ, ಒಂದೊಂದು ಮಾತನ್ನೂ ತುಟಿಯಲ್ಲಿ ಬಿಡಿಸಿ ಆಡುತ್ತಿದ್ದ, ಕಿವಿ ಸರಿಯಿದ್ದವರ ಹತ್ತಿರವೂ. ಮದುವೆ ಯಾಕೆ ಆಗಲಿಲ್ಲ ಅಂತ ಕೇಳಿದರೆ ಪುರುಸೊತ್ತು ಸಿಗಲಿಲ್ಲ ಅನ್ನುತ್ತಿದ್ದ.

ಅವನ ಕೈಗೆ ಬರುತ್ತಿದ್ದ ಮೆಷಿನ್‌ಗಳಲ್ಲಿ ಹತ್ತಕ್ಕೆ ಏಳು ಒಂದೇ ಕಂಪನಿಯವು. ಆ ಹೆಸರು ಕೇಳದವರಿಲ್ಲ. ನಾನಿಲ್ಲಿ ಅದನ್ನು ಬರೆಯುವುದಿಲ್ಲ, ಅಷ್ಟು ಬುದ್ಧಿ ಈಗ ಬಂದಿದೆ. ಕಂಪನಿಯವರು ಒಂದು ವರ್ಷ ತಮ್ಮ ಹಳೆಯ ಮಾದರಿಗಳನ್ನು ಇನ್ನು ರಿಪೇರಿಗೆ ತೆಗೆದುಕೊಳ್ಳುವುದಿಲ್ಲ ಅಂತ ಹೇಳಿಬಿಟ್ಟರು. ಮಾವ ತೆಗೆದುಕೊಳ್ಳುತ್ತಿದ್ದ. ಆದರೆ ಅವನೊಬ್ಬ ಇದ್ದಾನೆ ಅಂತ ದೂರದವರಿಗೆ ಹೇಗೆ ಗೊತ್ತಾಗಬೇಕು? ಕಿವಿ ಕೇಳಿಸದವರು ಫೋನ್ ಮಾಡಿ ವಿಚಾರಿಸುವ ಹಾಗೂ ಇಲ್ಲ. ಬರೆದು ಕೇಳಲು ಒಂದು ಜಾಗ ಬೇಕು ಅಂತ ಅವನಿಗೆ ವೆಬ್‌ಸೈಟಿನ ಆಸೆ ಹತ್ತಿಸಿದವಳು ನಾನು. ಆಗ ನಾನು ಸಣ್ಣ ಅಂಗಡಿಗಳಿಗೆ, ಕ್ಲಿನಿಕ್‌ಗಳಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸದಲ್ಲಿದ್ದೆ.

ವಿಳಾಸಕ್ಕೆ ಕಂಪನಿಯ ಹೆಸರನ್ನೇ ಇಟ್ಟು, ಪಕ್ಕದಲ್ಲಿ ಒಂದು ಅಡ್ಡಗೆರೆ ಎಳೆದು ‘ರಿಪೇರಿ’ ಅಂತ ಸೇರಿಸಿದೆ. ಆ ಡೊಮೇನ್ ಯಾರೂ ತೆಗೆದುಕೊಳ್ಳದೆ ಖಾಲಿ ಬಿದ್ದಿತ್ತು. ನನಗೆ ಲಾಟರಿ ಹೊಡೆದಷ್ಟು ಖುಷಿ. ಮಾವ ಪರದೆಯನ್ನೇ ನೋಡಿ, ‘ಅದು ಅವರ ಹೆಸರಲ್ವೇನೇ?’ ಅಂದ.

‘ನೀನು ರಿಪೇರಿ ಮಾಡೋದು ಅವರ ಮೆಷಿನ್ನೇ ಅಲ್ವಾ ಮಾವ? ಜನ ಹುಡುಕೋದು ಆ ಹೆಸರನ್ನೇ’ ಅಂದೆ.

ಅವನು ಸುಮ್ಮನಾದ. ಪುಟದ ಬಣ್ಣವನ್ನೂ ನಾನು ಕಂಪನಿಯ ನೀಲಿಗೆ ಹತ್ತಿರವೇ ಇಟ್ಟೆ. ನಂಬಿಕೆ ಬರಲಿ ಅಂತ. ಎಲ್ಲಕ್ಕಿಂತ ಕೆಳಗೆ, ಬೂದು ಬಣ್ಣದಲ್ಲಿ, ಸಣ್ಣ ಅಕ್ಷರದಲ್ಲಿ ಒಂದು ಸಾಲು ಹಾಕಿದೆ: ಈ ತಾಣಕ್ಕೂ ಕಂಪನಿಗೂ ಯಾವುದೇ ಸಂಬಂಧವಿಲ್ಲ. ಅದನ್ನು ಹಾಕಿದ ಮೇಲೆ ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

ಇಮೇಲಿನಲ್ಲಿ ಕಾಗದಗಳು ಬರತೊಡಗಿದವು. ಕಿವಿಯೊಳಗೆ ಸೀಟಿ ಹೊಡೆದ ಹಾಗಾಗುತ್ತದೆ ಅಂತ ಒಬ್ಬರು, ಬ್ಯಾಟರಿ ಕೂರುವ ಕಡೆ ಹಸಿರು ಕಟ್ಟಿದೆ ಅಂತ ಇನ್ನೊಬ್ಬರು, ಮೆಷಿನ್ನನ್ನು ನಾಯಿ ಕಚ್ಚಿದೆ, ಆದರೂ ಒಂದು ಕಡೆಯಿಂದ ಕೇಳಿಸುತ್ತಿದೆ ಅಂತ ಮತ್ತೊಬ್ಬರು. ಸುಮಾರು ಜನ ‘ಮಾನ್ಯ ಕಂಪನಿಯವರಿಗೆ’ ಅಂತಲೇ ಶುರುಮಾಡುತ್ತಿದ್ದರು. ಮೊದಮೊದಲು ಮಾವ ಪ್ರತಿಯೊಬ್ಬರಿಗೂ, ನಾನು ಕಂಪನಿಯವನಲ್ಲ, ಒಬ್ಬ ರಿಪೇರಿಯವನು ಅಷ್ಟೆ ಅಂತ ಬರೆಯುತ್ತಿದ್ದ. ಒಂದೇ ಬೆರಳಿನಲ್ಲಿ ಟೈಪ್ ಮಾಡುವವನು ಅವನು. ಕಾಗದಗಳು ಹೆಚ್ಚಾದಂತೆ ಆ ಸಾಲು ಬಿಟ್ಟುಹೋಯಿತು. ‘ಮೆಷಿನ್ ಕಳಿಸಿ, ನೋಡುತ್ತೇನೆ’ ಅಂತ ಮಾತ್ರ ಉಳಿಯಿತು. ಹೀಗೆ ಆರು ವರ್ಷ ನಡೆಯಿತು.

ಏಳನೆಯ ವರ್ಷ ಒಬ್ಬ ನಿವೃತ್ತ ಹೆಡ್‌ಮಿಸ್ಟ್ರೆಸ್ ಬರೆದರು. ನಿನ್ನೆಯಿಂದ ಮೆಷಿನ್ ನಿಂತುಹೋಗಿದೆ, ಗಂಡ ಆಸ್ಪತ್ರೆಯಲ್ಲಿದ್ದಾರೆ, ದಯವಿಟ್ಟು ಬೇಗ ಮಾಡಿಕೊಡಿ ಅಂತ ಮೂರೇ ಸಾಲು. ಕಂಪನಿಗೆ ಅಂತಲೇ ಬರೆದಿದ್ದರು. ಮಾವ ಅದೇ ದಿನ ಉತ್ತರ ಕೊಟ್ಟ, ಕಳಿಸಿ ಅಂತ. ನಡುವೆ ರಜೆ ಬಂದು ಕೊರಿಯರ್ ತಲುಪಲು ಮೂರು ದಿನ ಹಿಡಿಯಿತು. ತೆಗೆದು ನೋಡಿದರೆ ಹೊಸ ಮಾದರಿ. ಅಂಥದ್ದನ್ನು ಅವನು ಎರಡು ಸಲ ಮಾತ್ರ ಬಿಚ್ಚಿದ್ದ. ತೇವ ಒಳಗಿಳಿದು, ಅಕ್ಕಿಕಾಳಿನಷ್ಟು ಸಣ್ಣ ಸ್ಪೀಕರ್ ಸತ್ತುಹೋಗಿತ್ತು. ಅದನ್ನು ತರಿಸಲು ಐದು ದಿನ ಬೇಕಾಯಿತು. ಬಂದ ಒಂದು ಗಂಟೆಯಲ್ಲಿ ಕೂರಿಸಿ, ಅಂಗೈಯಲ್ಲಿ ಮುಚ್ಚಿ, ಕೆಲಸ ಮಾಡುತ್ತಿದೆ ಅನ್ನುವ ಸೀಟಿ ಬರುತ್ತದೆಯೇ ನೋಡಿ, ಹತ್ತಿ ಸುತ್ತಿ ಡಬ್ಬಿಯಲ್ಲಿಟ್ಟು ಕಳಿಸಿದ. ಆಕೆಯ ಕೈಸೇರುವ ಹೊತ್ತಿಗೆ ಒಟ್ಟು ಹನ್ನೊಂದು ದಿನ ಕಳೆದಿತ್ತು. ಅವನ ಲೆಕ್ಕದಲ್ಲಿ ಅದು ಬೇಗವೇ.

ತಿಂಗಳ ಮೇಲೆ ಕಂಪನಿಯ ವಕೀಲರಿಂದ ನೋಟಿಸ್ ಬಂತು. ಬೆಳಿಗ್ಗೆ ಅಂಚೆಯವನು ಕೊಟ್ಟುಹೋದನಂತೆ. ನಾನು ಮಧ್ಯಾಹ್ನ ಅಂಗಡಿಗೆ ಹೋದಾಗ ಮಾವ ಯಾರದೋ ಮೆಷಿನ್‌ಗೆ, ಕಿವಿಗೆ ಸದ್ದು ಒಯ್ಯುವ ಹೊಸ ಕೊಳವೆ ಸಿಕ್ಕಿಸುತ್ತಿದ್ದ. ಕೆಲಸ ನಿಲ್ಲಿಸದೆ, ದೀಪದ ಕೆಳಗಿದ್ದ ಹಾಳೆಗಳ ಕಡೆ ಗಲ್ಲದಿಂದಲೇ ತೋರಿಸಿದ.

ನೋಟಿಸಿನ ಭಾಷೆಯಲ್ಲಿ ಗದರಿಕೆಯೇನೂ ಇರಲಿಲ್ಲ. ನಮ್ಮ ನೋಂದಾಯಿತ ಟ್ರೇಡ್‌ಮಾರ್ಕನ್ನು ನಿಮ್ಮ ಡೊಮೇನಿನಲ್ಲಿ ಅನುಮತಿಯಿಲ್ಲದೆ ಬಳಸಿದ್ದೀರಿ, ಗ್ರಾಹಕರು ನೀವೇ ನಾವೆಂದು ನಂಬುತ್ತಿದ್ದಾರೆ, ಹದಿನಾಲ್ಕು ದಿನದೊಳಗೆ ಅದನ್ನು ನಮಗೆ ಒಪ್ಪಿಸಬೇಕು ಅಂತ ಇತ್ತು. ನಂಬಿದ್ದಕ್ಕೆ ಸಾಕ್ಷಿಯಾಗಿ ಒಂದು ದೂರಿನ ನಕಲು ಲಗತ್ತಿಸಿದ್ದರು. ಹೆಡ್‌ಮಿಸ್ಟ್ರೆಸ್ ಕೈಬರಹ, ದುಂಡಗೆ, ಒಂದೂ ಕಾಟು ಹೊಡೆದಿರಲಿಲ್ಲ.

ಅವರ ಗಂಡ ಒಂಬತ್ತನೆಯ ದಿನ ತೀರಿಕೊಂಡಿದ್ದರು. ಕೊನೆಯ ನಾಲ್ಕು ದಿನ ಅವರು ಏನೋ ಹೇಳುತ್ತಲೇ ಇದ್ದರಂತೆ. ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿದ್ದರಿಂದ ತುಟಿ ನೋಡಿ ತಿಳಿಯುವುದೂ ಆಗಲಿಲ್ಲ. ನರ್ಸ್ ಒಂದು ಚೀಟಿಯಲ್ಲಿ ‘ಏನೋ ಹೇಳಬೇಕಂತೆ, ನಿಮಗೇ ಹೇಳಬೇಕಂತೆ’ ಅಂತ ಬರೆದುಕೊಟ್ಟಳಂತೆ. ಎಲ್ಲ ಮುಗಿದ ಮೇಲೆ ಆಕೆ ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ, ಹನ್ನೊಂದು ದಿನ ಯಾಕೆ ಬೇಕಾಯಿತು ಅಂತ ಕೇಳಿದ್ದಾರೆ. ನಿಮ್ಮ ಮೆಷಿನ್ ನಮ್ಮ ಹತ್ತಿರ ಬಂದೇ ಇಲ್ಲ ಅಂದಿದ್ದಾರೆ ಅವರು. ಇಲ್ಲಿಗೆ ಬಂದಿದ್ದರೆ ರಿಪೇರಿ ಆಗುವವರೆಗೆ ಬಳಸಲು ಬೇರೆ ಮೆಷಿನ್ ಅಂದೇ ಕೈಗೆ ಕೊಡುತ್ತಿದ್ದೆವು ಅಂತಲೂ ಹೇಳಿದ್ದಾರೆ. ಆ ಸೆಂಟರ್ ಆಸ್ಪತ್ರೆಯಿಂದ ಎರಡು ಬೀದಿ ಆಚೆಗಿತ್ತು.

ನಾನು ಓದಿ ಮುಗಿಸಿದಾಗ ಮಾವ ಕೊಳವೆಯ ತುದಿ ಕತ್ತರಿಸುತ್ತಿದ್ದ. ಅಳತೆ ತಪ್ಪಲಿಲ್ಲ. ನನಗೂ ಏನೂ ಅನ್ನಿಸಲಿಲ್ಲ, ಅದೇ ಆಶ್ಚರ್ಯ. ಗೋಡೆಗೆ ಒರಗಿಸಿದ್ದ ಕೊಡೆಯೊಂದನ್ನು ನೋಡಿ, ಇದು ಯಾರೋ ಮರೆತುಹೋದದ್ದಿರಬೇಕು ಅಂತ ಯೋಚಿಸುತ್ತ ಕೂತಿದ್ದೆ.

ನನ್ನ ಗೆಳತಿಯೊಬ್ಬಳು ವಕೀಲೆ. ಮಾರನೆಯ ದಿನ ಮಾವನನ್ನು ಅವಳ ಹತ್ತಿರ ಕರೆದುಕೊಂಡು ಹೋದೆ. ಇಂಥ ಕಂಪನಿಯ ಮೆಷಿನ್ ರಿಪೇರಿ ಮಾಡುತ್ತೇನೆ ಅಂತ ಹೇಳಿಕೊಳ್ಳುವುದನ್ನು ಯಾರೂ ತಡೆಯುವ ಹಾಗಿಲ್ಲ, ಆದರೆ ಅವರ ಹೆಸರನ್ನೇ ಬಾಗಿಲಿಗೆ ಬರೆದುಕೊಂಡು ಒಳಗೆ ಕೂರುವುದು ಬೇರೆ ಅಂದಳು. ವಾದ ಮಾಡಲು ಜಾಗ ಇದೆ, ಸಂಬಂಧವಿಲ್ಲ ಅಂತ ಹಾಕಿದ ಸಾಲು ಹಿಡಿದುಕೊಂಡು ಒಂದಷ್ಟು ದಿನ ಎಳೆಯಬಹುದು ಅಂತಲೂ ಹೇಳಿದಳು.

‘ಆ ಸಾಲು ಎಷ್ಟು ದೊಡ್ಡದಿದೆ, ತೋರಿಸು’ ಅಂದ ಮಾವ ನನಗೆ.

ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದ. ಆಮೇಲೆ ಜೇಬಿನಿಂದ ರಿಪೇರಿಗೆ ಬಳಸುವ ಮಸೂರ ತೆಗೆದು, ಕಣ್ಣಿಗೆ ಒತ್ತಿಕೊಂಡು ಮತ್ತೆ ನೋಡಿದ. ‘ನಮಗೆ ಬರೆಯೋರೆಲ್ಲ ಅರವತ್ತು ದಾಟಿದೋರು’ ಅಂದ. ಸಹಿ ಎಲ್ಲಿ ಹಾಕಬೇಕು ಅಂತ ಕೇಳಿದ.

ಒಪ್ಪಿಸುವುದು ಕಷ್ಟವೇನೂ ಇರಲಿಲ್ಲ. ಒಂದು ಸಂಕೇತಸಂಖ್ಯೆ ಕಳಿಸಬೇಕು, ಒಂದು ಕಡೆ ಒಪ್ಪಿಗೆ ಒತ್ತಬೇಕು. ಎರಡು ದಿನ ಬಿಟ್ಟು ಆ ವಿಳಾಸ ಟೈಪ್ ಮಾಡಿದರೆ ಸೀದಾ ಕಂಪನಿಯ ಪುಟಕ್ಕೆ ಹೋಗುತ್ತಿತ್ತು. ಆ ಪುಟದ ನೀಲಿ ನಾನು ಇಟ್ಟಿದ್ದ ನೀಲಿಗಿಂತ ಸ್ವಲ್ಪ ಗಾಢ.

ಅದಾದ ವಾರಕ್ಕೆ ಮಾವ ಹೆಡ್‌ಮಿಸ್ಟ್ರೆಸ್ ಮನೆಗೆ ಹೋಗುತ್ತೇನೆ ಅಂದ. ವಿಳಾಸ ಕೊರಿಯರ್ ಚೀಟಿಯಲ್ಲಿತ್ತು. ಬೇಡ, ಸುಮ್ಮನೆ ಗಾಯ ಕೆದಕಿದ ಹಾಗಾಗುತ್ತದೆ ಅಂದಳು ನನ್ನಮ್ಮ. ಅವನು ಶರ್ಟಿನ ತೋಳಿನ ಗುಂಡಿ ಹಾಕಿಕೊಳ್ಳುತ್ತಲೇ ಇದ್ದ. ಒಬ್ಬನನ್ನೇ ಕಳಿಸಲು ಮನಸ್ಸಾಗದೆ ನಾನೂ ಹೊರಟೆ.

ಮೂರನೆಯ ಮಹಡಿ. ಬಾಗಿಲು ತೆಗೆದ ಆಕೆ ಎತ್ತರದ ಹೆಂಗಸು, ಕಿವಿಯ ಹಿಂದೆ ಕಂಪನಿಯ ಹೊಚ್ಚ ಹೊಸ ಮೆಷಿನ್ ಇತ್ತು. ಒಳಗೆ ಊಟದ ಮೇಜಿಗೆ ಎರಡು ಕುರ್ಚಿ, ಒಂದರ ಮೇಲೆ ದಿನಪತ್ರಿಕೆಗಳ ಕಟ್ಟು. ಮಾವ ಅಭ್ಯಾಸಬಲದಿಂದ ಬೆಳಕಿಗೆ ಮುಖ ಮಾಡಿ ನಿಂತು, ತುಟಿ ಬಿಡಿಸಿ ಬಿಡಿಸಿ ನಮಸ್ಕಾರ ಹೇಳಿದ.

‘ಅಷ್ಟು ನಿಧಾನ ಬೇಡ. ಈಗ ಕೇಳಿಸುತ್ತೆ’ ಅಂದರು ಆಕೆ.

‘ನಿಮ್ಮ ಮೆಷಿನ್ ಬಿಚ್ಚಿದವನು ನಾನು’ ಅಂದ ಮಾವ. ‘ನಾನು ಕಂಪನಿಯವನಲ್ಲ. ಕಾಗದದಲ್ಲಿ ಅದನ್ನ ಹೇಳಬೇಕಿತ್ತು. ಹೇಳಲಿಲ್ಲ.’

ಆಕೆ ಪತ್ರಿಕೆಗಳ ಕಟ್ಟು ಎತ್ತಿಟ್ಟು ಕೂರಲು ಹೇಳಿದರು. ನಾನು ನಿಂತೇ ಇದ್ದೆ. ಡ್ರಾಯರಿನಿಂದ ಹಳೆಯ ಮೆಷಿನ್ ತೆಗೆದು ಮೇಜಿನ ಮೇಲಿಟ್ಟು, ಇದು ಚೆನ್ನಾಗೇ ಕೆಲಸ ಮಾಡುತ್ತಿದೆ ಅಂದರು. ದೂರು ಕೊಟ್ಟದ್ದು ಯಾರನ್ನೂ ಜೈಲಿಗೆ ಹಾಕಿಸಲು ಅಲ್ಲವಂತೆ, ಹನ್ನೊಂದು ದಿನ ಆ ಮೆಷಿನ್ ಎಲ್ಲಿತ್ತು ಅಂತ ತಿಳಿಯಬೇಕಿತ್ತಂತೆ. ಮಾವ ತಿಳಿಸಿದ. ಮೂರು ದಿನ ಕೊರಿಯರ್, ಐದು ದಿನ ಸ್ಪೀಕರಿಗೆ ಕಾದದ್ದು, ಒಂದು ಗಂಟೆ ಕೆಲಸ, ಮತ್ತೆ ಕೊರಿಯರ್. ಆಕೆ ತಲೆದೂಗುತ್ತ ಕೇಳಿದರು, ಪಾಠ ಒಪ್ಪಿಸಿಕೊಳ್ಳುವವರ ಹಾಗೆ.

ಆಮೇಲೆ ಅವರೇ ಹೇಳಿದರು. ವಾರ್ಡಿನಲ್ಲಿ ಎಲ್ಲರನ್ನೂ ವಿಚಾರಿಸಿದ್ದರಂತೆ. ನರ್ಸಿಗೆ ಮಾಸ್ಕಿನೊಳಗಿನ ಮಾತು ಸರಿಯಾಗಿ ತಿಳಿದಿರಲಿಲ್ಲ. ಪಕ್ಕದ ಹಾಸಿಗೆಯ ರೋಗಿ, ಕಿಟಕಿ ಬಗ್ಗೆ ಏನೋ ಅನ್ನುತ್ತಿದ್ದರು ಅಂದನಂತೆ. ಮಾರನೆಯ ದಿನ ಕೇಳಿದರೆ, ಕಿಟಕಿ ಅಲ್ಲ, ಯಾರದೋ ಹೆಸರಿರಬೇಕು ಅಂದನಂತೆ.

‘ನೀವು ಕೊಟ್ಟ ಉತ್ತರ ನನ್ನ ಹತ್ತಿರ ಇದೆ’ ಅಂದರು ಆಕೆ. ‘ನಿಮ್ಮದಲ್ಲದ ಹೆಸರಲ್ಲಿ ಬರೆದಿದ್ದೀರಿ. ಅದು ಬಿಟ್ಟರೆ ಒಂದಕ್ಷರ ತಪ್ಪಿಲ್ಲ.’

ಮಾವ ತಲೆ ತಗ್ಗಿಸಲಿಲ್ಲ. ಮುಖ ಬೆಳಕಿಗೇ ಇತ್ತು.

‘ಮೆಷಿನ್ ಇದ್ದಿದ್ರೂ ನನಗೆ ಅವರ ಮಾತು ತಿಳೀತಿತ್ತೋ ಇಲ್ವೋ’ ಅಂದರು ಆಕೆ. ‘ಆ ಮಾತನ್ನ ನನಗೆ ನಾನೇ ಹೇಳ್ಕೋಬಹುದು. ನೀವು ಹೇಳೋ ಹಾಗಿಲ್ಲ.’

‘ಇಲ್ಲ. ಹೇಳಲ್ಲ’ ಅಂದ ಮಾವ.

ಆಕೆ ನಮ್ಮನ್ನು ಬಾಗಿಲವರೆಗೆ ಬಿಟ್ಟರು. ಮೆಟ್ಟಿಲಲ್ಲಿ ಬಲ್ಬು ಹೋಗಿದೆ, ನೋಡಿಕೊಂಡು ಇಳಿಯಿರಿ ಅಂದರು.

ಬಸ್ ಸ್ಟಾಪಿನ ಹತ್ತಿರ ಟೀ ಕುಡಿದೆವು. ‘ಆ ಹೆಸರು ಇಟ್ಟೋಳು ನಾನು, ಮಾವ. ಆ ಸಾಲು ಸಣ್ಣದಾಗಿ ಹಾಕಿದ್ದೂ ನಾನೇ’ ಅಂದೆ.

‘ಅವರ ಹೆಸರಲ್ವಾ ಅಂತ ನಾನು ಕೇಳಿದ್ದೆ’ ಅಂದ. ‘ಕೇಳಿ ಸುಮ್ನಾದೆ.’ ಲೋಟ ಕೆಳಗಿಟ್ಟು ಬಸ್ಸಿನ ನಂಬರ್ ಓದತೊಡಗಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ಆಮೇಲಿನ ತಿಂಗಳುಗಳಲ್ಲಿ ಅವನು ಊಟ ಬಿಡಲಿಲ್ಲ, ನಿದ್ದೆಗೆಡಲಿಲ್ಲ. ಹೊತ್ತಿಗೆ ಸರಿಯಾಗಿ ಅಂಗಡಿಗೆ ಹೋಗಿ ಬರುತ್ತಿದ್ದ. ನನ್ನಮ್ಮನಿಗೆ ಅದೇ ಚಿಂತೆ. ಒಂದು ಸಲ ಅತ್ತುಬಿಡಬಾರದೇ ಇವನು, ಮರಗಟ್ಟಿದ ಹಾಗಿದ್ದಾನಲ್ಲ ಅನ್ನುತ್ತಿದ್ದಳು. ಕಾಗದ ಬರುವುದು ನಿಂತಿತ್ತು. ಇದ್ದ ಕೆಲಸ ಬೆಳಿಗ್ಗೆ ಹನ್ನೊಂದಕ್ಕೇ ಮುಗಿದುಹೋಗುತ್ತಿತ್ತು. ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದು ಖಾಲಿ ಮೇಜಿನ ಮುಂದೆ ಕೂತಿರುತ್ತಾನೆ, ಏನು ಕಳೆದಿದೆ ಅಂತ ಕೇಳಿದರೆ ಏನಿಲ್ಲ ಅನ್ನುತ್ತಾನೆ ಅಂತ ಕನ್ನಡಕದಂಗಡಿಯವನು ಒಂದು ದಿನ ನನಗೆ ಹೇಳಿದ. ಅವನು ಜೋಕು ಮಾಡದ್ದು ಅವತ್ತೊಂದೇ ದಿನ.

ವರ್ಷದ ಕೊನೆಗೆ ಮಾವ ಆ ಕೋಣೆ ಬಿಟ್ಟ. ಪರಿಚಯದ ಕಿವಿ ಡಾಕ್ಟರೊಬ್ಬರು ತಮ್ಮ ಕ್ಲಿನಿಕ್ಕಿನ ಕಿಟಕಿ ಪಕ್ಕ ಒಂದು ಮೇಜು ಹಾಕಿಕೊಟ್ಟಿದ್ದಾರೆ. ಈಗ ಅಲ್ಲಿ ಕೂರುತ್ತಾನೆ. ಮೆಷಿನ್ ಹಿಡಿದು ಬಂದವರು ಕುರ್ಚಿ ಎಳೆದುಕೊಳ್ಳುವ ಮೊದಲೇ, ನಾನು ಕಂಪನಿಯವನಲ್ಲ ಅಂತ ಹೇಳುತ್ತಾನೆ. ಕೆಲವರು ಹಾಗಾದರೆ ಬೇಡ ಅಂತ ಎದ್ದುಹೋಗುತ್ತಾರೆ. ಅಂಥವರಿಗೆ ಸರ್ವಿಸ್ ಸೆಂಟರಿನ ದಾರಿ ಬರೆದುಕೊಡಲು ಒಂದು ಚೀಟಿ ಪುಸ್ತಕ ಇಟ್ಟುಕೊಂಡಿದ್ದಾನೆ.

ಹೋದ ಸಲ ಹೋದಾಗ, ನಿನ್ನ ಸ್ವಂತ ಹೆಸರಲ್ಲೇ ಒಂದು ವೆಬ್‌ಸೈಟ್ ಮಾಡಿಕೊಡಲಾ ಅಂತ ಕೇಳಿದೆ. ‘ನನ್ನ ಹೆಸರನ್ನ ಯಾರು ಹುಡುಕ್ತಾರೆ?’ ಅಂದ, ದುಃಖವೇನೂ ಇಲ್ಲದೆ, ಹೊತ್ತೆಷ್ಟಾಯಿತು ಅಂತ ಕೇಳುವವರ ಹಾಗೆ. ಆದರೂ ಮಾಡಿಕೊಟ್ಟೆ. ತಿಂಗಳಿಗೆ ಒಂದೋ ಎರಡೋ ಕಾಗದ ಬರುತ್ತವೆ. ಉತ್ತರ ಬರೆಯುತ್ತಾನೆ.